ಹವ್ಯಾಸಕ್ಕೊಬ್ಬ ಗಿರಾಕಿ

ನಮ್ಮ ಸರಸ್ವತಿಪುರಂನಲ್ಲಿ ನಿವೃತ್ತರಿಗೇನೂ ಬರವಿಲ್ಲ. ಪ್ರೊಫೆಸರು, ಬ್ಯಾಂಕಿನವರು, ಎಂಜಿನಿಯರು, ಎಲ್ಲರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಿಗುತ್ತಾರೆ. ನಾನು ನಿವೃತ್ತನಾದಾಗ ಅವರೆಲ್ಲ ಕೊಟ್ಟ ಸಲಹೆ ಒಂದೇ: ‘ಏನಾದ್ರೂ ಹವ್ಯಾಸ ಹಚ್ಕೊಳ್ಳಿ ಸಾರ್, ಇಲ್ದಿದ್ರೆ ಮನೇಲಿ ಬೈಸ್ಕೋತೀರಿ.’ ಹಚ್ಚಿಕೊಂಡೆ. ಅಂಚೆಚೀಟಿ, ಕೊಳಲು, ತಾರಸಿಯ ಮೇಲೆ ಗುಲಾಬಿ. ಯಾವುದೂ ಮೈಗೆ ಹತ್ತಲಿಲ್ಲ. ಆಗ ಕಪಾಟಿನಿಂದ ಕೆಳಗಿಳಿದದ್ದು ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಈ ವಿಷಯದಲ್ಲಿ ಅವರಿಗಿಂತ ಅನುಭವಸ್ಥರು ಕನ್ನಡನಾಡಿನಲ್ಲಿ ಇನ್ನಾರು?

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿ, 1997ರ ಡಿಸೆಂಬರ್ 9ರವರೆಗೆ ಬಾಳಿದ ಜೀವ. ಕಾದಂಬರಿಗಳನ್ನೂ 1977ರ ಜ್ಞಾನಪೀಠವನ್ನೂ ಬದಿಗಿಟ್ಟು ನೋಡಿದರೂ ನಾಟಕ, ಕುಣಿತ, ಚಿತ್ರಕಲೆ, ಪತ್ರಿಕೆ, ಮುದ್ರಣಾಲಯ, ನಿಘಂಟು, ಪ್ರವಾಸ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಷ್ಟಕ್ಕೆಲ್ಲ ಹೊತ್ತೆಲ್ಲಿತ್ತು ಎಂದು ಮೊದಲು ಬೆರಗಾದೆ. ನಿಧಾನವಾಗಿ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಅವರ ಹುಚ್ಚಿಗೆಲ್ಲ ಒಬ್ಬ ಗಿರಾಕಿ ಇರುತ್ತಿದ್ದ. ಕನ್ನಡದ ಮಕ್ಕಳಿಗೆ ಲೋಕದ ಸುದ್ದಿ ಹೇಳುವ ಪುಸ್ತಕವಿಲ್ಲ ಅನ್ನಿಸಿದಾಗ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬಂತು. ದೊಡ್ಡವರಿಗೆಂದು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಒಂದು ಸಂಸ್ಥೆ ಹತ್ತಾರು ಜನರನ್ನು ಕೂರಿಸಿ ಮಾಡಿಸುವ ಕೆಲಸವನ್ನು ಒಬ್ಬರೇ ಮಾಡಿ ಮುಗಿಸಿದರು.

ಯಕ್ಷಗಾನದ ಕತೆಯೂ ಅಷ್ಟೆ. ನೋಡಿ ಮೆಚ್ಚಿ ಸುಮ್ಮನಾಗಲಿಲ್ಲ, ಕೂತು ‘ಯಕ್ಷಗಾನ ಬಯಲಾಟ’ ಬರೆದರು. ಅದಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಕಲಾವಿದರನ್ನು ಕಟ್ಟಿಕೊಂಡು, ಮಾತು ತೆಗೆದು, ಪಿಟೀಲು, ಸ್ಯಾಕ್ಸೋಫೋನು ಸೇರಿಸಿ ಬ್ಯಾಲೆ ಮಾಡಿದರು. ಸಂಪ್ರದಾಯಸ್ಥರು ಮುನಿಸಿಕೊಂಡರು. ನಿಜ ಹೇಳಬೇಕೆಂದರೆ ನಾನೂ ಅವರ ಕಡೆಯವನೇ, ಅರ್ಥಗಾರಿಕೆ ಇಲ್ಲದ ಆಟ ನನಗೆ ಸಪ್ಪೆ. ಆದರೆ ಇಳಿವಯಸ್ಸಿನಲ್ಲೂ ಬೈಸಿಕೊಳ್ಳುವ ಧೈರ್ಯ ಇಟ್ಟುಕೊಂಡಿದ್ದರಲ್ಲ, ಅದು ದೊಡ್ಡದು. ಕೈಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವುದಕ್ಕೂ ಅವರಿಗೆ ಸಂಕೋಚವಿರಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ‘ಭೂತರಾಜ್ಯ’ ಮಾಡಿದವರು ದಶಕಗಳ ನಂತರ, 1978ರಲ್ಲಿ, ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಸಿನಿಮಾ ಮಾಡಿದರು. ಕೊನೆಗಾಲದಲ್ಲಿ ಹಿಡಿದದ್ದು ಹಕ್ಕಿಗಳನ್ನು. ತೊಂಬತ್ತು ದಾಟಿದ ಮೇಲೆ ಹಕ್ಕಿಗಳ ಬಗ್ಗೆ ಪುಸ್ತಕ!

ನನಗೂ ಗಿರಾಕಿ ಸಿಕ್ಕಿದ್ದು ಹಕ್ಕಿಯಿಂದಲೇ. ರಜೆಯ ದಿನ ಪಕ್ಕದ ಮನೆಯ ಹುಡುಗ ಕೆರೆಗೆ ಜೊತೆಯಾಗುತ್ತಾನೆ. ಒಣಕೊಂಬೆಯ ಮೇಲೆ ಹಾವಕ್ಕಿಯೊಂದು ರೆಕ್ಕೆ ಹರಡಿಕೊಂಡು ಕೂತಿತ್ತು. ‘ಅದ್ಯಾಕೆ ತಾತ, ಬಟ್ಟೆ ಒಣಗ್ಹಾಕಿದ ಹಾಗೆ ಕೂತಿದೆ?’ ಅಂದ. ಅದುವರೆಗೆ ನಾನು ಹಕ್ಕಿಗಳ ಹೆಸರು ಬರೆದು ಟಿಕ್ ಹಾಕುತ್ತಿದ್ದೆನೇ ಹೊರತು ಏಕೆ ಎಂದು ಕೇಳಿಕೊಂಡಿರಲಿಲ್ಲ. ಮನೆಗೆ ಬಂದು ಓದಿ ಹೇಳಿದೆ: ಬಾತುಕೋಳಿಯ ಗರಿಯ ಮೇಲೆ ನೀರು ನಿಲ್ಲುವುದಿಲ್ಲ, ಹಾವಕ್ಕಿಯ ಗರಿ ನೆನೆಯುತ್ತದೆ. ನೆನೆದರೆ ಮೈ ಭಾರ, ಭಾರವಿದ್ದರೆ ಮುಳುಗುವುದು ಸಲೀಸು. ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಲೇಬೇಕು. ಇನ್ನೊಂದು ದಿನ ಅದು ಚೂಪು ಕೊಕ್ಕಿನಿಂದ ಮೀನನ್ನು ಚುಚ್ಚಿ, ಮೇಲಕ್ಕೆ ಚಿಮ್ಮಿ, ತಲೆಯ ಕಡೆಯಿಂದ ನುಂಗಿದ್ದನ್ನು ಇಬ್ಬರೂ ಕಣ್ಣಾರೆ ಕಂಡೆವು. ಹೀಗೆ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಅವನಿಗೆ ಕೊಡುತ್ತೇನೆ. ಚಿತ್ರ ಬಿಡಿಸುವುದು ಅವನ ಪಾಲು. ಹೆಜ್ಜಾರ್ಲೆಯ ಕೊಕ್ಕಿನ ಚೀಲ ನಾನು ಬರೆದದ್ದಕ್ಕಿಂತ ಅವನು ಬರೆದ ಚಿತ್ರದಲ್ಲೇ ಚೆನ್ನಾಗಿ ತಿಳಿಯುತ್ತದೆ. ಈಗ ಅವನ ತರಗತಿಯ ಇನ್ನಿಬ್ಬರು ತಮಗೂ ಹಾಳೆ ಬೇಕು ಅನ್ನುತ್ತಿದ್ದಾರೆ. ಅಗ್ರಹಾರದ ಜೆರಾಕ್ಸ್ ಅಂಗಡಿಯವನ ಹತ್ತಿರ ಖಾತೆ ತೆರೆದಿದ್ದೇನೆ.