ಕಾಲದೊಳಗಣ ದೇಗುಲ: ಹೆಶೆಲ್ ಕಂಡ ಸಬ್ಬತ್

ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಗಾಣದ ಕಸುಬಿನಿಂದ ಬದುಕಿದ ಬೆನೆ ಇಸ್ರೇಲ್ ಯೆಹೂದ್ಯರನ್ನು ನೆರೆಹೊರೆಯವರು ‘ಶನಿವಾರ ತೇಲಿ’ಗಳೆಂದು ಕರೆದರು. ಶನಿವಾರ ಗಾಣ ಹೂಡದ ಎಣ್ಣೆಯವರು ಎಂಬುದು ಅದರ ಅರ್ಥ. ಹೀಬ್ರೂ ಭಾಷೆಯನ್ನೂ ಶಾಸ್ತ್ರಗ್ರಂಥಗಳನ್ನೂ ಬಹುಮಟ್ಟಿಗೆ ಮರೆತಿದ್ದ ಆ ಜನ ಕೈಬಿಡದೆ ಉಳಿಸಿಕೊಂಡ ಕೆಲವೇ ಆಚರಣೆಗಳಲ್ಲಿ ವಾರದ ಈ ಬಿಡುವೂ ಒಂದು. (1796ರಲ್ಲಿ ಮುಂಬಯಿಯ ಮೊದಲ ಸಿನಗಾಗನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಇದೇ ಸಮುದಾಯದವನು, ಆತ ಟಿಪ್ಪುವಿನ ಸೆರೆಯಿಂದ ಬಿಡುಗಡೆ ಹೊಂದಿ ಬಂದವನೆಂಬ ಐತಿಹ್ಯವೂ ಉಂಟು.) ಗ್ರಂಥ ಮರೆತು ಹೋದರೂ ದಿನ ಮರೆಯಲಿಲ್ಲವೆಂಬ ಈ ಸಂಗತಿ ಯೆಹೂದ್ಯ ಧರ್ಮದ ಒಂದು ಮರ್ಮವನ್ನು ಸೂಚಿಸುತ್ತದೆ.

ಆ ಮರ್ಮವನ್ನು ಆಧುನಿಕರಿಗೆ ಬಿಡಿಸಿ ಹೇಳಿದವರಲ್ಲಿ ಅಬ್ರಹಾಂ ಜೋಶುವಾ ಹೆಶೆಲ್ ಅಗ್ರಗಣ್ಯ. 1907ರಲ್ಲಿ ವಾರ್ಸಾದ ಹಸಿದ ಗುರುಮನೆತನದಲ್ಲಿ ಜನಿಸಿ, ಬರ್ಲಿನ್ನಿನಲ್ಲಿ ಪ್ರವಾದಿಗಳ ಕುರಿತು ಡಾಕ್ಟರೇಟ್ ಪಡೆದ ಅವರನ್ನು 1938ರಲ್ಲಿ ನಾಜಿಗಳು ಜರ್ಮನಿಯಿಂದ ಹೊರದೂಡಿದರು. ಪೋಲೆಂಡಿನ ಮೇಲೆ ದಾಳಿ ನಡೆಯುವ ಕೆಲವೇ ವಾರಗಳ ಮುನ್ನ, 1939ರಲ್ಲಿ, ಲಂಡನ್ನಿಗೆ ಪಾರಾಗಿ 1940ರಲ್ಲಿ ಅಮೆರಿಕ ಸೇರಿದರು. ತಾಯಿಯನ್ನೂ ಸೋದರಿಯರನ್ನೂ ಯುದ್ಧ ನುಂಗಿತು. ‘ದಿ ಸಬ್ಬತ್’ ಎಂಬ ಅವರ ಕಿರುಹೊತ್ತಗೆ 1951ರಲ್ಲಿ ಹೊರಬಂತು. ಹುಟ್ಟಿ ಬೆಳೆದ ಲೋಕವೇ ಬೂದಿಯಾದ ಮೇಲೆ ಬರೆದ ಈ ಕೃತಿಯಲ್ಲಿ ಆಕ್ರೋಶವಿಲ್ಲ. ಇರುವುದು ವಿಶ್ರಾಂತಿಯ ಮೀಮಾಂಸೆ. ಇದೇ ಅದರ ಮೊದಲ ವಿಸ್ಮಯ.

ಹೆಶೆಲರ ವಾದ ಹೀಗಿದೆ: ಯಂತ್ರನಾಗರಿಕತೆಯೆಂದರೆ ಕಾಲವನ್ನು ವೆಚ್ಚಮಾಡಿ ಸ್ಥಳವನ್ನು ಗೆಲ್ಲುವ ಉದ್ಯಮ. ಮನುಷ್ಯ ವಸ್ತುಗಳ ಒಡೆಯನಾಗುತ್ತ ಹೋದಂತೆ ಕಾಲದೆದುರು ಭಯಭೀತನಾಗುತ್ತಾನೆ. ಆದಿಕಾಂಡದ ಸೃಷ್ಟಿಕಥನದಲ್ಲಿ ‘ಪವಿತ್ರ’ವೆಂಬ ಮಾತು ಮೊದಲು ಸಲ್ಲುವುದು ಯಾವ ಬೆಟ್ಟಕ್ಕೂ ಅಲ್ಲ, ಯಾವ ವೇದಿಕೆಗೂ ಅಲ್ಲ, ಏಳನೆಯ ದಿನಕ್ಕೆ. ಆದ್ದರಿಂದ ಸಬ್ಬತ್ ಎಂಬುದು ಕಾಲದಲ್ಲಿ ಕಟ್ಟಿದ ದೇಗುಲ. ಯಾವ ಸೇನೆಯೂ ಅದನ್ನು ಸುಡಲಾರದು. ಮಿಶ್ನಾ ನಿಷೇಧಿಸುವ 39 ಬಗೆಯ ಕೆಲಸಗಳು (ಉಳುವುದು, ನೇಯುವುದು, ಬರೆಯುವುದು, ಬೆಂಕಿ ಹೊತ್ತಿಸುವುದು ಮುಂತಾದವು) ಮರುಭೂಮಿಯ ದೇವಗುಡಾರವನ್ನು ನಿರ್ಮಿಸಲು ಬೇಕಾದ ಕೆಲಸಗಳೆಂಬ ಸಾಂಪ್ರದಾಯಿಕ ವಿವರಣೆ ಇಲ್ಲಿ ಅರ್ಥಪೂರ್ಣ. ದೇವರ ಮನೆಯನ್ನು ಕಟ್ಟುವ ಕೆಲಸವೂ ಆ ದಿನ ನಿಲ್ಲಬೇಕು. ಪ್ರಾಣ ಉಳಿಸುವ ಕಾರ್ಯಕ್ಕೆ ಮಾತ್ರ ಈ ತಡೆಯಿಲ್ಲ.

ಕಾಯಕವನ್ನೇ ಕೈಲಾಸವೆಂದ ಶರಣಪರಂಪರೆಯನ್ನು ಬಲ್ಲ ಕನ್ನಡಿಗರಿಗೆ ಈ ಮಾತು ಥಟ್ಟನೆ ಒಗ್ಗದಿರಬಹುದು. ದುಡಿಮೆಯೇ ಪೂಜೆಯಾದಲ್ಲಿ ಅದನ್ನು ನಿಲ್ಲಿಸುವುದು ಪೂಜೆ ಹೇಗಾದೀತು? ಆದರೆ ಆರು ದಿನ ದುಡಿಯಬೇಕೆಂಬುದೂ ಅದೇ ಆಜ್ಞೆಯ ಭಾಗವೆಂಬುದನ್ನು ಹೆಶೆಲ್ ಒತ್ತಿಹೇಳುತ್ತಾರೆ. ಇತ್ತ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ಎರಡೂ ಕಡೆ ಪ್ರಶ್ನೆ ಒಂದೇ: ‘ಇನ್ನು ಸಾಕು’ ಎನ್ನುವುದು ಯಾವಾಗ? ಲಕ್ಕಮ್ಮ ಅದನ್ನು ಅಕ್ಕಿಯ ಅಳತೆಯಿಂದ ಉತ್ತರಿಸಿದಳು, ಯೆಹೂದ್ಯ ಧರ್ಮ ಶುಕ್ರವಾರದ ಸೂರ್ಯಾಸ್ತದಿಂದ.

ಕೃತಿಯ ಹೃದಯದಂತಿರುವುದು ತಾಲ್ಮುದಿನ ಒಂದು ಕಥೆಯ ವ್ಯಾಖ್ಯಾನ. ರೋಮನರ ಮರಣದಂಡನೆಗೆ ಅಂಜಿ ರಬ್ಬಿ ಶಿಮೋನ್ ಬಾರ್ ಯೋಹಾಯ್ ಮಗನೊಡನೆ 12 ವರ್ಷ ಗುಹೆಯಲ್ಲಿ ಅಡಗಿ ಅಧ್ಯಯನನಿರತನಾಗಿದ್ದ. ಹೊರಬಂದಾಗ ಉಳುವವರನ್ನೂ ಬಿತ್ತುವವರನ್ನೂ ಕಂಡು ಕೆರಳಿದ: ಶಾಶ್ವತವನ್ನು ಬಿಟ್ಟು ಕ್ಷಣಿಕದಲ್ಲಿ ಮುಳುಗಿದ್ದಾರಲ್ಲ! ಅವರ ನೋಟ ಬಿದ್ದಲ್ಲೆಲ್ಲ ಉರಿ ಹತ್ತಿತು. ‘ನನ್ನ ಲೋಕವನ್ನು ಹಾಳುಗೆಡವಲು ಬಂದಿರಾ?’ ಎಂದು ಗದರಿದ ಆಕಾಶವಾಣಿ ಅವರನ್ನು ಮತ್ತೆ ಗುಹೆಗಟ್ಟಿತು. ಹನ್ನೆರಡು ತಿಂಗಳ ತರುವಾಯ ಬಂದಾಗ, ಸಬ್ಬತ್ತಿನ ಮುಸ್ಸಂಜೆ, ಮುದುಕನೊಬ್ಬ ಸುವಾಸನೆಯ ಸೊಪ್ಪಿನ ಎರಡು ಕಟ್ಟುಗಳನ್ನು ಹಿಡಿದು ಓಡುತ್ತಿದ್ದ. ಎರಡೇಕೆಂದು ಕೇಳಿದರೆ, ಒಂದು ‘ಸ್ಮರಿಸು’ ಎಂಬುದಕ್ಕೆ, ಇನ್ನೊಂದು ‘ಪಾಲಿಸು’ ಎಂಬುದಕ್ಕೆ ಎಂದ. ತಂದೆಮಕ್ಕಳ ಮನಸ್ಸು ತಣಿಯಿತು. ಲೋಕವನ್ನು ತಿರಸ್ಕರಿಸಿದ ವಿರಕ್ತನಿಗೆ ಸಮಾಧಾನ ದೊರೆತದ್ದು ಇನ್ನೊಬ್ಬ ವಿರಕ್ತನಿಂದಲ್ಲ, ವಾರವೆಲ್ಲ ಲೋಕದಲ್ಲಿದ್ದ ಮುದುಕನಿಂದ.

ಆ ಎರಡು ಶಬ್ದಗಳು ದಶಾಜ್ಞೆಗಳ ಎರಡು ಪಾಠಗಳಿಂದ ಬಂದವು. ವಿಮೋಚನಕಾಂಡದ ‘ಸ್ಮರಿಸು’ ಸೃಷ್ಟಿಯನ್ನು ಕಾರಣವಾಗಿ ಹೇಳುತ್ತದೆ. ಧರ್ಮೋಪದೇಶಕಾಂಡದ ‘ಪಾಲಿಸು’ ಐಗುಪ್ತದ ದಾಸ್ಯವನ್ನು ನೆನಪಿಸಿ, ದಾಸದಾಸಿಯರೂ ನಿನ್ನಂತೆಯೇ ವಿಶ್ರಮಿಸಲೆನ್ನುತ್ತದೆ. ಹೆಶೆಲರ ಕೃತಿಯಲ್ಲಿ ಮೊದಲನೆಯ ಕಟ್ಟಿನ ಪರಿಮಳವೇ ಹೆಚ್ಚು. ಬಿಡುವು ಪಡೆಯುವ ಅಧಿಕಾರವೇ ಇಲ್ಲದ ದುಡಿಮೆಗಾರನ ಪ್ರಶ್ನೆ ಅಲ್ಲಿ ತೆಳುವಾಗಿದೆಯೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಎರಡನೆಯ ಕಟ್ಟನ್ನು ಅವರು ಹೊತ್ತದ್ದು ಮುಂದೆ, ಪುಸ್ತಕದ ಹೊರಗೆ. 1965ರ ಮಾರ್ಚ್ 21ರಂದು ಕರಿಯರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಹೊರಟ ನಡಿಗೆಯ ಮುಂಚೂಣಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರೊಂದಿಗೆ ಬಿಳಿಗಡ್ಡದ ಹೆಶೆಲ್ ಇದ್ದರು. ಅಂದು ತಮ್ಮ ಕಾಲುಗಳೇ ಪ್ರಾರ್ಥಿಸುತ್ತಿದ್ದಂತೆ ಅನಿಸಿತೆಂದು ಅವರು ಆಮೇಲೆ ಹೇಳಿಕೊಂಡರು.