ರಜಿಸ್ಟರ್ ಪಾಕೀಟು ಬಂದರೆ ಒಡೆದು ಓದು

ತಮ್ಮಾ, ಗಾಡಿ ತಗೊಂಡಿ, ಛಲೋ ಆಯ್ತು. ಕೆಎ 49 ನಂಬರ್ ಬಿತ್ತು, ಹನುಮಪ್ಪನ ಗುಡಿ ಮುಂದೆ ಕಾಯಿ ಒಡೆದದ್ದಾಯ್ತು, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟದ್ದೂ ಆಯ್ತು. ಶೋರೂಮಿನವರು ಫೈಲಿನಲ್ಲಿ ಹಾಕಿಕೊಟ್ಟ ವಿಮೆ ಕಾಗದವನ್ನು ಮಾತ್ರ ನೀನಿನ್ನೂ ಬಿಡಿಸಿ ನೋಡಿಲ್ಲ. ಗೋಕಾಕ, ಹುಕ್ಕೇರಿ ಕೋರ್ಟುಗಳಲ್ಲಿ ಎಂವಿಸಿ ಕೇಸು, ಅಂದರೆ ಅಪಘಾತ ಪರಿಹಾರದ ಕೇಸು, ನಡೆಸುತ್ತಲೇ ತಲೆ ನರೆತವನು ನಾನು. ಜನ ಆ ಕಾಗದವನ್ನು ಮೊಟ್ಟಮೊದಲು ಓದುವುದು ನಮ್ಮಂಥ ವಕೀಲರ ಟೇಬಲ್ಲಿನ ಮುಂದೆ ಕುಳಿತು, ಅಪಘಾತ ಆದ ಮೇಲೆ. ಅಷ್ಟೊತ್ತಿಗೆ ಅದರಲ್ಲಿ ತಿದ್ದುವಂಥದ್ದು ಏನೂ ಉಳಿದಿರುವುದಿಲ್ಲ.

ನೀನು ಕೇಳಿದ್ದರಿಂದಲೇ ಹಿಡಿಯೋಣ. "ಕಾಕಾ, ಎರಡು ಸಲ ಕ್ಲೇಮ್ ಮಾಡಿದ್ರ ಕಂಪನಿಯವರು ಪಾಲಿಸಿ ಕ್ಯಾನ್ಸಲ್ ಮಾಡತಾರಂತ, ಖರೇ ಏನು?" ಈ ಸುದ್ದಿ ಅಮೆರಿಕದಲ್ಲಿರುವ ಯಾರೋ ಗೆಳೆಯನಿಂದ ಬಂದಿರಬೇಕು. ಅಲ್ಲಿ ಕುಡಿದು ಓಡಿಸಿ ಸಿಕ್ಕಿಬಿದ್ದವನನ್ನು, ಲೈಸೆನ್ಸ್ ಕಳೆದುಕೊಂಡವನನ್ನು, ಮೇಲಿಂದ ಮೇಲೆ ಡಿಕ್ಕಿ ಹೊಡೆಯುವವನನ್ನು ಕಂಪನಿ ಕೈಬಿಡುವುದುಂಟು. ಆಮೇಲೆ ಅವನು ದುಬಾರಿ ದರ ತೆತ್ತು ಮತ್ತೊಂದು ಕಂಪನಿ ಹುಡುಕಬೇಕು. ನಮ್ಮಲ್ಲಿ ಹಾಗಿಲ್ಲ. ವಿಮೆ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಜೂನ್ 11ರಂದು ಹೊರಡಿಸಿದ ಸುತ್ತೋಲೆ ಸ್ಪಷ್ಟವಾಗಿದೆ: ಮೋಸ ಸಾಬೀತಾದರೆ ಮಾತ್ರ ಕಂಪನಿ ಪಾಲಿಸಿ ರದ್ದು ಮಾಡಬಹುದು, ಅದೂ ಕನಿಷ್ಠ 7 ದಿನದ ನೋಟಿಸ್ ಕೊಟ್ಟು. ನೀನು ಎರಡು ಕ್ಲೇಮ್ ಮಾಡಿದಿ ಅನ್ನುವುದು ಮೋಸವಲ್ಲ. ಥರ್ಡ್ ಪಾರ್ಟಿ ದರವನ್ನಂತೂ ಸರ್ಕಾರವೇ ಗೊತ್ತುಪಡಿಸುತ್ತದೆ. ನಿನ್ನ ಮೇಲಿನ ಸಿಟ್ಟಿಗೆ ಅದನ್ನು ಏರಿಸಲಿಕ್ಕೆ ಕಂಪನಿಗೆ ಬರುವುದಿಲ್ಲ.

ಹಾಗಾದರೆ ನನ್ನ ಟೇಬಲ್ಲಿಗೆ ಬಂದ ಸತ್ತ ಪಾಲಿಸಿಗಳು ಯಾವುದರಿಂದ ಸತ್ತವು? ಹೆಚ್ಚಿನವು ರೊಕ್ಕ ಮುಟ್ಟದೆ ಸತ್ತವು. 1938ರ ವಿಮಾ ಕಾಯ್ದೆಯಲ್ಲಿ 64ವಿಬಿ ಅಂತ ಒಂದು ಕಲಂ ಇದೆ. ಪ್ರೀಮಿಯಂ ಮುಂಚಿತವಾಗಿ ಕೈಸೇರದೆ ಯಾವ ಕಂಪನಿಯೂ ಹೊಣೆ ಹೊರುವಂತಿಲ್ಲ ಎನ್ನುತ್ತದೆ ಅದು. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚೆಕ್ ಕೊಟ್ಟೆ, ಪಾಲಿಸಿ ಕೈಗೆ ಬಂತು, ಚೆಕ್ ವಾಪಸ್ ಹೋಯಿತು ಅಂದರೆ ಆ ಪಾಲಿಸಿಯ ಬುಡವೇ ಹೋದಂತೆ.

ನಮ್ಮ ಕಡೆ ಚೆಕ್ ಯಾಕೆ ವಾಪಸ್ ಹೋಗುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಮೂಡಲಗಿ, ಗೋಕಾಕದ ಕಬ್ಬಿನವರ ವರ್ಷವಿಡೀ ಲೆಕ್ಕ ನಿಂತಿರುವುದು ಕಾರ್ಖಾನೆಯ ಬಿಲ್ಲಿನ ಮೇಲೆ. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ 14 ದಿನ ಎಷ್ಟು ಉದ್ದ ಅನ್ನುವುದನ್ನು 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ದರಕ್ಕಾಗಿ ಧರಣಿ ಕುಳಿತವರನ್ನೇ ಕೇಳು. ಬಿಲ್ ಬರುತ್ತದೆ ಅನ್ನುವ ನಂಬಿಕೆಯ ಮೇಲೆ ವಿಮೆಗೆ ಚೆಕ್ ಹರಿದುಕೊಟ್ಟವನು ಬಿಲ್ ತಡವಾದ ವಾರವೇ ಸಿಕ್ಕಿಬೀಳುತ್ತಾನೆ. ಅವನಲ್ಲಿ ಮೋಸ ಇರುವುದಿಲ್ಲ, ಖಾತೆಯಲ್ಲಿ ರೊಕ್ಕ ಇರುವುದಿಲ್ಲ ಅಷ್ಟೆ. ಕಾಯ್ದೆ ನೋಡುವುದು ಖಾತೆಯನ್ನು.

"ಈಗ ಯಾರ್ರೀ ಚೆಕ್ ಕೊಡ್ತಾರ, ಎಲ್ಲಾ ಫೋನ್‌ಪೇ" ಅನ್ನಬೇಡ. ಗಾಡಿ ನಿನ್ನದು, ಫೋನು ಏಜೆಂಟನದು. ನೀನು ನಗದು ಎಣಿಸಿ ಕೊಡುತ್ತಿ, ಅವನು ನಾಲ್ಕು ಮಂದಿಯದು ಕೂಡಿಸಿ ತನ್ನ ಖಾತೆಯಿಂದ ಕಟ್ಟುತ್ತಾನೆ, ಕಟ್ಟಿದೆ ಅಂತ ಹೇಳುತ್ತಾನೆ. ಲಿಂಕ್ ಒತ್ತಿದಾಗ ಕಡಿತವಾದ ಹಣ ಎರಡು ದಿನಕ್ಕೆ ಮರಳಿ ನಿನ್ನ ಖಾತೆಗೇ ಬಂದಿರುತ್ತದೆ. ನೀನು ಅದನ್ನು ನೋಡದೆ ಡೀಸೆಲ್ ಹಾಕಿಸಿರುತ್ತಿ. ಹಾಗಾಗಿ ಪ್ರೀಮಿಯಂ ನಿನ್ನ ಖಾತೆಯಿಂದಲೇ ಹೋಗಲಿ, ರಸೀದಿ ಕಂಪನಿಯ ಹೆಸರಿನಲ್ಲಿ ಬರಲಿ. ನಾಲ್ಕು ದಿನ ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ವಿಮೆಯ ತಾರೀಖು ಬಂದಿದೆಯೋ ಇಲ್ಲವೋ ನೋಡು. ಖೊಟ್ಟಿ ಪಾಲಿಸಿ ಮಾರುವವರೂ ಇರುವ ಕಾಲ ಇದು. ಆ ಒಂದು ನಿಮಿಷದ ಕೆಲಸದಲ್ಲಿ ಅದೂ ಹೊರಬೀಳುತ್ತದೆ.

ಈಗ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣ ಹೇಳುತ್ತೇನೆ. ತಾರೀಖುಗಳನ್ನು ಸ್ವಲ್ಪ ಗಮನ ಇಟ್ಟು ಕೇಳು, ಇಡೀ ವಿಷಯ ಇರುವುದೇ ಅವುಗಳಲ್ಲಿ.

ಮೊದಲನೆಯದು. 1997ರ ಅಕ್ಟೋಬರ್ 15ಕ್ಕೆ ಗಾಡಿ ಮಾಲೀಕ ಚೆಕ್ ಕೊಟ್ಟ. 17ರಿಂದ ಒಂದು ವರ್ಷಕ್ಕೆ ಪಾಲಿಸಿ ಕೊಟ್ಟರು. ಖಾತೆಯಲ್ಲಿ ಹಣವಿಲ್ಲವೆಂದು 21ಕ್ಕೆ ಬ್ಯಾಂಕು ಚೆಕ್ ತಿರುಗಿಸಿತು. ನವೆಂಬರ್ 6ಕ್ಕೆ ಕಂಪನಿ ಪಾಲಿಸಿ ರದ್ದು ಮಾಡಿ ಮಾಲೀಕನಿಗೂ ಆರ್‌ಟಿಒ ಕಚೇರಿಗೂ ತಿಳಿಸಿತು. ಗಾಡಿ ಮಾತ್ರ ರಸ್ತೆ ಬಿಡಲಿಲ್ಲ. 1998ರ ಫೆಬ್ರುವರಿ 6ಕ್ಕೆ ಅಪಘಾತವಾಗಿ ಒಂದು ಜೀವ ಹೋಯಿತು. 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಅಪಘಾತಕ್ಕೆ ಮೊದಲೇ ಪಾಲಿಸಿ ರದ್ದಾಗಿ, ಸಂಬಂಧಪಟ್ಟವರಿಗೆ ತಿಳಿಸಿಯೂ ಆಗಿತ್ತು, ಆದ್ದರಿಂದ ಕಂಪನಿಗೆ ಹೊಣೆಯಿಲ್ಲ. ಆದರೂ ಸತ್ತವರ ಮನೆಯವರು ಬರಿಗೈಲಿ ಹೋಗಬಾರದೆಂದು ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಪರಿಹಾರವನ್ನು ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು.

ಎರಡನೆಯದು ಒಂದು ಬಸ್ಸಿನದು. 2004ರ ಏಪ್ರಿಲ್ 16ರಿಂದ ಪಾಲಿಸಿ. ಮೇ 11ಕ್ಕೆ ಅಪಘಾತ. ಚೆಕ್ ವಾಪಸ್ ಬಂತೆಂದು ಕಂಪನಿ ಪಾಲಿಸಿ ರದ್ದು ಮಾಡಿದ್ದು ಮೇ 13ಕ್ಕೆ, ಆ ಪತ್ರ ಮಾಲೀಕನ ಕೈಸೇರಿದ್ದು 21ಕ್ಕೆ. ಇಲ್ಲಿ ಜೀವ ಹೋದದ್ದು ಮೊದಲು, ಪತ್ರ ಬಂದದ್ದು ನಂತರ. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಅಪಘಾತದ ದಿನ ಪಾಲಿಸಿ ಜೀವಂತ ಇತ್ತು, ಮೂರನೆಯವರಿಗೆ ಕಂಪನಿ ಪರಿಹಾರ ಕೊಡಲೇಬೇಕು ಎಂದಿತು. ಮಾಲೀಕನ ಮೇಲೆ ಹೋಗಲು ಕಂಪನಿಗೆ ಇದ್ದ ದಾರಿಯನ್ನೇನೂ ಮುಚ್ಚಲಿಲ್ಲ.

ವಕೀಲರು ಇವೆರಡರ ನಡುವಿನ ವ್ಯತ್ಯಾಸವನ್ನು ಗಂಟೆಗಟ್ಟಲೆ ವಾದಿಸುತ್ತಾರೆ, ನಾನೂ ವಾದಿಸಿದ್ದೇನೆ. ಗಾಡಿ ಇಟ್ಟುಕೊಂಡ ನೀನು ನೋಡಬೇಕಾದದ್ದು ಬೇರೆ. ಸತ್ತವರ ಮನೆಯವರು ಎರಡರಲ್ಲೂ ಬರಿಗೈಲಿ ಹೋಗಲಿಲ್ಲ, ಮಾಲೀಕ ಎರಡರಲ್ಲೂ ಪಾರಾಗಲಿಲ್ಲ. ಈಗಂತೂ ಕಾಯ್ದೆ ಇನ್ನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ ಹೊಸ 150ನೇ ಕಲಂ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಪ್ರೀಮಿಯಂ ಬಂದಿಲ್ಲ ಎಂದು ಹೇಳಿ ಕಂಪನಿ ತನ್ನನ್ನು ಕಾಯ್ದುಕೊಳ್ಳಬಹುದೆಂದು ಅದರಲ್ಲಿ ನೇರವಾಗಿಯೇ ಬರೆದಿದ್ದಾರೆ. ಇನ್ನು ನಿನ್ನ ಸ್ವಂತ ಗಾಡಿಯ ರಿಪೇರಿ ಖರ್ಚು? ಚೆಕ್ ವಾಪಸ್ ಹೋದವನಿಗೆ ಅದು ಸಿಗುವುದಿಲ್ಲವೆಂದು 2001ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿಬಿಟ್ಟಿದೆ.

ವಸೂಲಿ ಅಂದರೆ ಏನು ಅಂತ ನಿಮಗೆ ಹುಡುಗರಿಗೆ ಅಂದಾಜಿಲ್ಲ. ಕಂಪನಿ ಕೋರ್ಟಿಗೆ ಬಂದು ಅಮಲ್ಜಾರಿ ಅರ್ಜಿ ಹಾಕುತ್ತದೆ. ಜಪ್ತಿಗೆ ಏನಿದೆ ಅಂತ ಹುಡುಕುತ್ತಾರೆ. ಊರಲ್ಲಿ ಹುಡುಕಲಿಕ್ಕೆ ಇರುವುದೇನು? ಹೊಲ. ಉತಾರ ತೆಗೆಸಿ, ನಿನ್ನ ಹೆಸರಿಗಿರುವ ಪಾಲನ್ನು ಜಪ್ತಿಗೆ ಬರೆಸುತ್ತಾರೆ. ಘಟಪ್ರಭಾ ಕಾಲುವೆಯ ನೀರು ಹರಿಯುವ ಎರಡು ಎಕರೆಯ ಉತಾರದಲ್ಲಿ ಕೋರ್ಟಿನ ಬೋಜಾ ಕೂತ ಮೇಲೆ ಸೊಸೈಟಿಯ ಸಾಲವೂ ಹುಟ್ಟುವುದಿಲ್ಲ, ಅಣ್ತಮ್ಮಂದಿರ ವಾಟ್ನಿಯೂ ಮುಗಿಯುವುದಿಲ್ಲ. 2022ರ ಜೂನ್‌ನಲ್ಲಿ ಗೊತ್ತುಪಡಿಸಿದ ದರದ ಪ್ರಕಾರ 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಇಷ್ಟಕ್ಕಾಗಿ ಹೊಲ ಹರಾಜಿಗೆ ಬರುವುದೆಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದಂಡದ್ದು ಸಣ್ಣ ವಿಷಯ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000, ಮೂರು ತಿಂಗಳವರೆಗೆ ಜೈಲಿಗೂ 196ನೇ ಕಲಮಿನಲ್ಲಿ ಅವಕಾಶವಿದೆ. ಜನ ಈ 2,000ಕ್ಕೆ ಹೆದರಿ ಸಂಕೇಶ್ವರದ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯುತ್ತಾರೆ. ಹೆದರಬೇಕಾದ ಜಾಗ ಅದಲ್ಲ. ವಿಮೆ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಕೊಡುವತನಕ ಆ ಗಾಡಿಯನ್ನು ಬಿಡುವಂತಿಲ್ಲ. ಕೊಡದಿದ್ದರೆ ಮೂರು ತಿಂಗಳ ಮೇಲೆ ಅದನ್ನು ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟುತ್ತಾರೆ.

ರೊಕ್ಕದ ನಂತರದ ಕಾರಣ ಸುಳ್ಳು ಮಾತು. ಅದೂ ಬಹಳ ಸಲ ನಿನ್ನ ಬಾಯಿಂದ ಬಂದ ಸುಳ್ಳಲ್ಲ. ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಹೋದ ವರ್ಷ ಕ್ಲೇಮ್ ಮಾಡಿದ್ದೀರಾ? ಏಜೆಂಟ್ ನಿನ್ನನ್ನು ಕೇಳದೆಯೇ ಇಲ್ಲ ಅಂತ ಒತ್ತುತ್ತಾನೆ. ಒತ್ತಿದರೆ ನೋ ಕ್ಲೇಮ್ ಬೋನಸ್ ಸಿಗುತ್ತದೆ, ಮೊದಲ ವರ್ಷಕ್ಕೆ ಶೇ 20ರಿಂದ ಹತ್ತಿ ಶೇ 50ರತನಕ. ನಿನಗೂ ಕಡಿಮೆ ಬಿತ್ತು ಅಂತ ಖುಷಿ. ಹೊಸ ಕಂಪನಿ ಹಳೆಯ ಕಂಪನಿಯನ್ನು ಕೇಳಿದ ದಿನ ಸುಳ್ಳು ಹೊರಬೀಳುತ್ತದೆ, ಸಹಿ ನಿನ್ನದೇ ಇರುತ್ತದೆ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆಯುವುದೂ ಇದೇ ಸಾಲಿಗೆ ಸೇರಿದ್ದು. ಸವದತ್ತಿ ಎಲ್ಲಮ್ಮನ ಹುಣ್ಣಿವೆಗೆ, ಪಂಢರಪುರದ ಏಕಾದಶಿಗೆ ಅಂತ ಊರ ಮಂದಿಯನ್ನು ತುಂಬಿಕೊಂಡು ಹೋಗಿ ಕಿಲೋಮೀಟರ್ ಲೆಕ್ಕದಲ್ಲಿ ರೊಕ್ಕ ತಗೊಳ್ಳುವವರು ನಿನ್ನ ಓಣಿಯಲ್ಲೇ ಇದ್ದಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಅಂತ ಅಚ್ಚಾಗಿಯೇ ಇರುತ್ತದೆ. ಗಾಡಿಗೆ ಆಮೇಲೆ ಗ್ಯಾಸ್ ಕಿಟ್ ಕೂಡಿಸಿದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಅದು ಬರಬೇಕು.

ಮೂರನೆಯದು ರದ್ದತಿ ಅಲ್ಲ, ಆದರೆ ಮಂದಿ ಮೋಸ ಹೋಗುವ ಜಾಗ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿನ್ನ ಕಾಗದದಲ್ಲೂ ಮೂರು ವರ್ಷ ಅಂತ ಇದೆ, ನಾನು ನೋಡಿದ್ದೇನೆ. ಅದರ ಕೆಳಗಿನ ಸಾಲು ಓದು: ಸ್ವಂತ ಗಾಡಿಯ ಹಾನಿಗೆ ಒಂದೇ ವರ್ಷ. 2024ರ ಜುಲೈನಲ್ಲಿ ಘಟಪ್ರಭೆ ಮತ್ತೆ ಗೋಕಾಕದ ಓಣಿಗಳಿಗೆ ನುಗ್ಗಿದಾಗ, 2019ರ ಆಗಸ್ಟಿನ ಮಹಾಪೂರ ಕಂಡ ಹಿರಿಯರು ಗಾಡಿಗಳನ್ನು ಎತ್ತರಕ್ಕೆ ಒಯ್ದು ನಿಲ್ಲಿಸಿದರು. ಬಿಟ್ಟುಹೋದ ಗಾಡಿಗಳಲ್ಲಿ ನೀರು ಸೀಟಿನತನಕ ನಿಂತಿತ್ತು ಅನ್ನು. ಮೂರು ವರ್ಷದ್ದು ಇದೆಯಲ್ಲ ಅಂದುಕೊಂಡು ಎರಡನೆಯ ವರ್ಷ ಕಟ್ಟದೆ ಬಿಟ್ಟವನಿಗೆ ಅಂಥ ಹೊತ್ತಿನಲ್ಲಿ ಒಂದು ಪೈಸೆ ಹುಟ್ಟುವುದಿಲ್ಲ. ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ಸೂ ಹೋಗುತ್ತದೆ.

ಇನ್ನು ಪಾಕೀಟಿನ ಮಾತು. ಪಾಲಿಸಿಯ ಷರತ್ತಿನಲ್ಲಿ, ತನಗೆ ಗೊತ್ತಿರುವ ಕೊನೆಯ ವಿಳಾಸಕ್ಕೆ ಕಂಪನಿ ನೋಟಿಸ್ ಕಳಿಸಿದರೆ ಸಾಕು ಅಂತಿರುತ್ತದೆ. ನೀನು ಬೆಳಗಾವಿಯ ರೂಮು ಬಿಟ್ಟು ಎಷ್ಟು ಕಾಲವಾಯಿತು? ವಿಳಾಸ ಬದಲಿಸಿದ್ದೀ? ಹಳ್ಳಿಯಲ್ಲಿ ಪೋಸ್ಟಿನವನು ರಜಿಸ್ಟರ್ ಪಾಕೀಟು ತಂದರೆ ನಿಮ್ಮವ್ವ ಬ್ಯಾಂಕಿನ ತಗಾದೆ ಇರಬೇಕಂತ ದೇವರ ಜಗುಲಿಯ ಫೋಟೋದ ಹಿಂದೆ ಸಿಗಿಸುತ್ತಾಳೆ, ಇಲ್ಲವೇ ಸಹಿ ಹಾಕಲೊಲ್ಲೆ ಅಂತ ತಿರುಗಿಸಿ ಕಳಿಸುತ್ತಾಳೆ. ತಿರುಗಿಸಿ ಕಳಿಸಿದರೆ ನೋಟಿಸ್ ಮುಟ್ಟಿಲ್ಲ ಅನ್ನುವ ನಂಬಿಕೆ ನಮ್ಮ ಸುತ್ತಿನ ಮೂರೂ ತಾಲೂಕುಗಳಲ್ಲಿ ಗಟ್ಟಿಯಾಗಿದೆ. ಕೋರ್ಟು ಅದನ್ನು ಒಪ್ಪುವುದು ಕಷ್ಟ. ಫೋನಿಗೆ ಬರುವ ಮೆಸೇಜೂ ಹಾಗೆಯೇ. ಸಾಲ ಬೇಕಾ ಅಂತ ಬರುವ ನೂರರ ನಡುವೆ ಇದೊಂದು ಕೂತಿರುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರೆ ಆ ಪಾಕೀಟು ಹಳೆಯ ಮಾಲೀಕನ ಮನೆಗೆ ಹೋಗುತ್ತದೆ, ಅವನಿಗೇನು ದರ್ದು? ಮಾರಾಟವಾದ ಗಾಡಿಯ ಥರ್ಡ್ ಪಾರ್ಟಿ ವಿಮೆ 157ನೇ ಕಲಮಿನ ಪ್ರಕಾರ ತಾನಾಗಿಯೇ ಕೊಂಡವನ ಹೆಸರಿಗೆ ಬರುತ್ತದೆ, ಸ್ವಂತ ಹಾನಿಯ ವಿಮೆ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು.

ತಪ್ಪಿಲ್ಲದೆ ರದ್ದು ಮಾಡಿದರು ಅನ್ನಿಸಿದರೆ ಸುಮ್ಮನಿರಬೇಡ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ಕೊಡು, ಸ್ವೀಕೃತಿ ಇಟ್ಟುಕೋ. ಐಆರ್‌ಡಿಎಐನ 155255ಕ್ಕೂ ಫೋನ್ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಶುಲ್ಕವಿಲ್ಲದೆ ನೋಡುತ್ತಾರೆ, ವಕೀಲರೂ ಬೇಕಿಲ್ಲ. ನನ್ನ ಹೊಟ್ಟೆಪಾಡಿಗೆ ಅಡ್ಡ ಬರುವ ಮಾತು ಇದು, ಆದರೂ ಹೇಳುತ್ತಿದ್ದೇನೆ. ಬೆಳಗಾವಿಯ ಗ್ರಾಹಕ ಆಯೋಗವೂ ಇದ್ದೇ ಇದೆ.

ದೂರಿನ ಫಲ ಬರಲಿಕ್ಕೆ ತಿಂಗಳುಗಳು ಹಿಡಿಯುತ್ತವೆ. ಆತನಕ ಗಾಡಿ ವಿಮೆ ಇಲ್ಲದೆ ಇರಬಾರದು, ಬೇರೆ ಪಾಲಿಸಿ ಅದೇ ದಿನ ಮಾಡಿಸು. ನಡುವೆ ಖಂಡ ಬಿದ್ದಿದ್ದರೆ ಸ್ವಂತ ಹಾನಿಯ ವಿಮೆಗೆ ಗಾಡಿಯ ಫೋಟೋ, ವಿಡಿಯೋ ಕೇಳುತ್ತಾರೆ, ಕೊಡು. ಹೊಸ ಕಾಗದ ಬಂದ ಕೂಡಲೇ ತಾರೀಖಿನ ಪಕ್ಕದಲ್ಲಿ ಬರೆದ ಹೊತ್ತು ನೋಡು. ಹೊತ್ತು ಬರೆದಿದ್ದರೆ ಹೊಣೆ ಶುರುವಾಗುವುದು ಆ ಹೊತ್ತಿನಿಂದಲೇ, ಅಂದಿನ ಮುಂಜಾನೆಯಿಂದಲ್ಲ. ಬಹಳ ಕಾಗದಗಳಲ್ಲಿ ನಡುರಾತ್ರಿಯ ಗಂಟೆ ಇರುತ್ತದೆ. ಅಲ್ಲಿತನಕ ಗಾಡಿ ಅಂಗಳದಲ್ಲೇ ನಿಂತಿರಲಿ, ಮೂಡಲಗಿಗೆ ಹೋಗಲಿಕ್ಕೆ ಬಸ್ಸು ಅದಾವ.