ವಾರಕ್ಕೆರಡು ಸಲ ಕಾಲಿಗೆ ಕೆಲಸ: ತೊಡೆ ಬೆಳೆಸುವ ಹನ್ನೆರಡು ಸೂತ್ರಗಳು

ದೀಪಾವಳಿ ಬಂತೆಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹೋರಿ ಹಬ್ಬದ ಹಂಗಾಮು ಶುರು. ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಅಖಾಡಕ್ಕೆ ನುಗ್ಗಿದಾಗ, ಕೊಬ್ಬರಿ ಹರಿಯಲು ನಿಂತ ಹುಡುಗನ ತೋಳಿನ ಸುತ್ತಳತೆ ಎಷ್ಟೆಂದು ಅದು ಕೇಳುವುದಿಲ್ಲ. ಅಲ್ಲಿ ನಡೆಯುವುದು ಕಾಲಿನ ಲೆಕ್ಕ. ಜಾತ್ರೆಯ ಕುಸ್ತಿ ಕಣದಲ್ಲೂ ಅಷ್ಟೇ, ಕಬಡ್ಡಿ ಅಂಕಣದಲ್ಲೂ ಅಷ್ಟೇ.

ಆದರೂ ಕಾಲಿನ ವಿಷಯಕ್ಕೆ ಬಂದರೆ ನಮ್ಮ ಹುಡುಗರಲ್ಲಿ ಎರಡು ಪಂಗಡ. ಒಂದು ಪಂಗಡ ಜಿಮ್‌ನಲ್ಲಿ ಎದೆ, ತೋಳು ಮುಗಿಸಿ ಕನ್ನಡಿ ನೋಡಿಕೊಂಡು ಮನೆಗೆ ಬರುತ್ತದೆ. ಕಾಲಿನ ಪಾಳಿ ಅಮಾವಾಸ್ಯೆಗೊಮ್ಮೆ. ಇನ್ನೊಂದು, ಹಳೆಯ ಪೈಲ್ವಾನರ ಕಥೆ ಕೇಳಿ ದಿನಾ ಐನೂರು ಬಸ್ಕಿ ಹೊಡೆಯಲು ಹೊರಟು, ಮೂರನೇ ವಾರಕ್ಕೆ ಮೊಣಕಾಲು ಹಿಡಿದುಕೊಂಡು ಕಟ್ಟೆ ಮೇಲೆ ಕೂರುತ್ತದೆ. ಇಬ್ಬರಿಗೂ ಉತ್ತರ ಒಂದೇ: ವಾರಕ್ಕೆ ಎರಡು ಸಲ, ಲೆಕ್ಕವಿಟ್ಟು.

1. ಎರಡು ದಿನ ಗೊತ್ತು ಮಾಡಿ

ಸ್ನಾಯು ಬೆಳೆಯುವುದು ಭಾರ ಎತ್ತುವಾಗಲ್ಲ, ಇಳಿಸಿದ ಮೇಲೆ. ಅಮೆರಿಕದಲ್ಲಿ 1997ರಲ್ಲಿ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದಾಗ, ವ್ಯಾಯಾಮ ಮುಗಿದ 3 ತಾಸಿಗೆ ಹೊಸ ಪ್ರೋಟೀನ್ ಕಟ್ಟುವ ವೇಗ ಶೇ 112ರಷ್ಟು ಏರಿತ್ತು. 24 ತಾಸಿಗೆ ಆ ಏರಿಕೆ ಶೇ 65ಕ್ಕೆ, 48 ತಾಸಿಗೆ ಶೇ 34ಕ್ಕೆ ಇಳಿಯಿತು. ಅಂದರೆ ಎರಡು ದಿನ ಗೌಂಡಿ ಕೆಲಸ ಭರದಿಂದ ಸಾಗುತ್ತದೆ, ಆಮೇಲೆ ಒಬ್ಬೊಬ್ಬರಾಗಿ ಕೆಲಸದವರು ಮನೆಗೆ ಹೊರಡುತ್ತಾರೆ. ವಾರಕ್ಕೊಮ್ಮೆ ಮಾತ್ರ ಕಾಲು ಮಾಡುವವರಿಗೆ ಉಳಿದ ನಾಲ್ಕೈದು ದಿನ ಖಾಲಿ. ದಿನವೂ ಮಾಡುವವರು ಗಾರೆ ಒಣಗುವ ಮೊದಲೇ ಗೋಡೆ ಕೆದರಿದಂತೆ.

2. ದಿನ ಎಣಿಸುವ ಮೊದಲು ಸೆಟ್ ಎಣಿಸಿ

ಸ್ನಾಯು ಬೆಳವಣಿಗೆಯ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2016ರಲ್ಲಿ ಹೇಳಿದ್ದು: ವಾರಕ್ಕೆ ಒಂದು ಸಲಕ್ಕಿಂತ ಎರಡು ಸಲ ಮೇಲು. 2019ರಲ್ಲಿ ಇನ್ನಷ್ಟು ಅಧ್ಯಯನ ಸೇರಿಸಿ ನೋಡಿದಾಗ, ವಾರದ ಒಟ್ಟು ಕೆಲಸ ಸಮನಾಗಿದ್ದರೆ ಎಷ್ಟು ದಿನಕ್ಕೆ ಹಂಚಿದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತಾತ್ಪರ್ಯ ಇಷ್ಟೇ: ಬೆಳೆ ತರುವುದು ಒಟ್ಟು ಕೆಲಸ, ಅದನ್ನು ಚೆನ್ನಾಗಿ ಮಾಡಲು ಅನುಕೂಲ ಕೊಡುವುದು ದಿನಗಳ ಹಂಚಿಕೆ. ಒಂದು ಸ್ನಾಯುವಿಗೆ ವಾರಕ್ಕೆ ಸುಮಾರು 10 ಸೆಟ್ (ನಡುವೆ ನಿಲ್ಲದೆ ಮಾಡುವ ಒಂದು ಸುತ್ತು ಒಂದು ಸೆಟ್) ಒಳ್ಳೆಯ ಗುರಿ. ಹತ್ತನ್ನೂ ಒಂದೇ ದಿನ ಮಾಡಿದರೆ ಏಳನೇ ಸೆಟ್ಟಿಗೆ ಬಲ ಬತ್ತಿ, ಉಳಿದದ್ದು ಲೆಕ್ಕಕ್ಕಷ್ಟೇ ಆಗುತ್ತದೆ. ಐದೈದು ಮಾಡಿ ಹಂಚಿದರೆ ಪ್ರತಿ ಸೆಟ್ಟಿನಲ್ಲೂ ಕಸುವಿರುತ್ತದೆ.

3. ನಡುವೆ ಎರಡು ದಿನ ಬಿಡಿ

ಸೋಮವಾರ–ಗುರುವಾರ, ಇಲ್ಲವೇ ಮಂಗಳವಾರ–ಶುಕ್ರವಾರ. ಮಾದರಿ ಹೀಗಿರಲಿ:

ಸೋಮವಾರ: ಭಾರ ಹೊತ್ತ ಬಸ್ಕಿ 3 ಸೆಟ್, ಲಂಜ್ (ಹೆಜ್ಜೆ ಮುಂದಿಟ್ಟು ಕೂರುವುದು) 2 ಸೆಟ್, ರೊಮೇನಿಯನ್ ಡೆಡ್‌ಲಿಫ್ಟ್ 4 ಸೆಟ್, ನಿಂತು ಹಿಮ್ಮಡಿ ಎತ್ತುವುದು 4 ಸೆಟ್.

ಗುರುವಾರ: ಒಂಟಿ ಕಾಲಿನ ಬಸ್ಕಿ 3 ಸೆಟ್, ಲೆಗ್ ಪ್ರೆಸ್ (ಯಂತ್ರದ ಭಾರವನ್ನು ಕಾಲಿನಿಂದ ತಳ್ಳುವುದು) 2 ಸೆಟ್, ಲೆಗ್ ಕರ್ಲ್ 4 ಸೆಟ್, ಹಿಮ್ಮಡಿ ಎತ್ತುವುದು 4 ಸೆಟ್.

ಮುಂದೊಡೆಗೆ 10, ಹಿಂದೊಡೆಗೆ 8, ಮೀನಖಂಡಕ್ಕೆ 8 ಸೆಟ್ ಆಯಿತು. ಮುಕ್ಕಾಲು ತಾಸಿನಿಂದ ಒಂದು ತಾಸಿನೊಳಗೆ ಮುಗಿಯುವ ಕೆಲಸ. ಗುರುವಾರ ಬೆಳಿಗ್ಗೆಯೂ ಕಕ್ಕಸಿಗೆ ಕೂರಲು ಗೋಡೆ ಹಿಡಿಯಬೇಕಾದಷ್ಟು ತೊಡೆ ಹಿಡಿದುಕೊಂಡಿದ್ದರೆ ಇನ್ನೊಂದು ದಿನ ಮುಂದೂಡಿ, ಮುಂದಿನ ವಾರ ಎರಡು ಸೆಟ್ ಕಡಿಮೆ ಮಾಡಿ. ನೋವು ಜಾಸ್ತಿಯಾದಷ್ಟು ಬೆಳವಣಿಗೆ ಜಾಸ್ತಿ ಎಂಬುದು ಸುಳ್ಳು.

4. ಹೊಸಬರು ಅರ್ಧದಿಂದ ಶುರು ಮಾಡಿ

ಮೊದಲ ಮೂರು ವಾರ ಪ್ರತಿ ಸ್ನಾಯುವಿಗೆ ವಾರಕ್ಕೆ 4ರಿಂದ 6 ಸೆಟ್ ಸಾಕು. ಪಂತಕ್ಕೆ ಬಿದ್ದು ಮೊದಲ ದಿನವೇ ನೂರಾರು ಬಸ್ಕಿ ಹೊಡೆಯುವುದು ಹುಡುಗಾಟವಲ್ಲ. ಅಭ್ಯಾಸವಿಲ್ಲದ ಸ್ನಾಯು ಒಮ್ಮೆಲೇ ಒಡೆದು, ಅದರೊಳಗಿನ ವಸ್ತು ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಕುತ್ತು ತರಬಲ್ಲದು. ವೈದ್ಯರು ಇದನ್ನು ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ತೊಡೆ ಬಾತು, ತಡೆಯಲಾಗದ ನೋವಿದ್ದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.

5. ಪೂರ್ತಿ ಕೂತು ಪೂರ್ತಿ ಏಳಿ

ಗರಡಿಯ ಬೈಠಕ್ಕಿನಲ್ಲಿ ಅರ್ಧಕ್ಕೆ ನಿಲ್ಲುವುದಿಲ್ಲ, ಕುಂಡಿ ಹಿಮ್ಮಡಿಯ ಹತ್ತಿರ ಬರಬೇಕು. ಹಿರಿಯರ ಈ ಪಟ್ಟಿಗೆ ವಿಜ್ಞಾನದ ಬೆಂಬಲವಿದೆ. 2019ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಒಂದು ಗುಂಪು ಪೂರ್ಣ ಬಸ್ಕಿ, ಇನ್ನೊಂದು ಅರ್ಧ ಬಸ್ಕಿ ಮಾಡಿತು. ಹತ್ತು ವಾರ, ವಾರಕ್ಕೆ ಎರಡೇ ದಿನ. ಮುಂದೊಡೆ ಇಬ್ಬರಲ್ಲೂ ಬೆಳೆಯಿತು. ಕುಂಡಿ ಮತ್ತು ಒಳತೊಡೆಯ ಸ್ನಾಯು ಪೂರ್ಣ ಕೂತವರಲ್ಲಿ ಹೆಚ್ಚು ಬೆಳೆಯಿತು. ಬಾರ್ ಮೇಲೆ ತಟ್ಟೆ ಪೇರಿಸಿ, ನಾಲ್ಕು ಬೆರಳು ಬಗ್ಗಿ ಎದ್ದು ಫೋಟೊ ತೆಗೆಸಿಕೊಳ್ಳುವವರು ಇದನ್ನು ನೆನಪಿಡಲಿ. ಹಿಮ್ಮಡಿ ನೆಲ ಬಿಡುತ್ತಿದ್ದರೆ ಕೆಳಗೆ ತೆಳು ಹಲಗೆ ಇಟ್ಟುಕೊಳ್ಳಿ.

6. ಬಂಕಾಪುರದ ನವಿಲಾಗಬೇಡಿ, ಹಿಂದೊಡೆ ಮರೆಯಬೇಡಿ

ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯ ನವಿಲುಧಾಮಕ್ಕೆ ಹೋದವರು ನೋಡಿರುತ್ತೀರಿ: ಮೇಲೆ ವೈಭವ, ಕೆಳಗೆ ಎರಡು ಕಡ್ಡಿ. ನವಿಲಿಗೆ ಅದು ಒಪ್ಪುತ್ತದೆ, ನಮಗಲ್ಲ. ಕಾಲು ಮಾಡುವವರಲ್ಲೂ ಅನೇಕರು ಮಾಡುವುದು ಮುಂದೊಡೆಯನ್ನಷ್ಟೇ. ಮೇಲೆ ಹೇಳಿದ ಜಪಾನಿನ ಅಧ್ಯಯನದಲ್ಲಿ ಎರಡೂ ಗುಂಪಿನವರ ಹಿಂದೊಡೆ ಬೆಳೆಯಲಿಲ್ಲ. ಕಾರಣ ಸರಳ. ಹಿಂದೊಡೆಯ ಸ್ನಾಯು ಸೊಂಟ, ಮೊಣಕಾಲು ಎರಡನ್ನೂ ದಾಟುತ್ತದೆ. ಬಸ್ಕಿಯಲ್ಲಿ ಒಂದು ಕಡೆ ಎಳೆದಷ್ಟು ಇನ್ನೊಂದು ಕಡೆ ಸಡಿಲವಾಗಿ, ಅದಕ್ಕೆ ಹೆಚ್ಚು ಕೆಲಸ ಬೀಳುವುದಿಲ್ಲ. ಅದಕ್ಕೆಂದೇ ಸೊಂಟದಿಂದ ಬಾಗುವ ರೊಮೇನಿಯನ್ ಡೆಡ್‌ಲಿಫ್ಟ್, ಮೊಣಕಾಲು ಮಡಿಸುವ ಲೆಗ್ ಕರ್ಲ್ ಬೇಕು. ಯಂತ್ರವಿಲ್ಲವೇ? ಮೆತ್ತನೆಯ ಜಾಗದಲ್ಲಿ ಮೊಣಕಾಲೂರಿ, ಗೆಳೆಯನಿಗೆ ಹಿಮ್ಮಡಿಯ ಮೇಲ್ಭಾಗ ಹಿಡಿಯಲು ಹೇಳಿ, ಮೈ ನೆಟ್ಟಗಿಟ್ಟು ನಿಧಾನಕ್ಕೆ ಮುಂದೆ ವಾಲಿ. ಇದೇ ನಾರ್ಡಿಕ್ ವ್ಯಾಯಾಮ. ಇದನ್ನು ತಾಲೀಮಿನಲ್ಲಿ ಸೇರಿಸಿಕೊಂಡ ಆಟಗಾರರಲ್ಲಿ ಹಿಂದೊಡೆ ಗಾಯ ಸರಿಸುಮಾರು ಅರ್ಧಕ್ಕಿಳಿದದ್ದು 2019ರ ಒಂದು ಸಮೀಕ್ಷೆಯಲ್ಲಿ ಕಂಡಿದೆ. ಹೋರಿ ಹಿಂದೆ ಓಡುವವರಿಗೂ ಕಬಡ್ಡಿ ರೈಡರ್‌ಗಳಿಗೂ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

7. ಐನೂರರ ಮೋಹ ಬಿಡಿ

ಗಾಮಾ ಪೈಲ್ವಾನ (1878–1960) ದಿನಕ್ಕೆ ಸಾವಿರಾರು ಬೈಠಕ್ ಹೊಡೆಯುತ್ತಿದ್ದನೆಂಬ ಮಾತು ಪ್ರತಿ ಗರಡಿಯಲ್ಲೂ ಕೇಳಿಬರುತ್ತದೆ. ಅವನಿಗೆ ಕುಸ್ತಿಯೇ ಉದ್ಯೋಗ. ತಿನ್ನುವುದು, ಮಲಗುವುದು ಕೂಡ ಉದ್ಯೋಗದ ಭಾಗ. ಸಾವಿರ ಬೈಠಕ್ ದಮ್ಮು ಕೊಡುತ್ತದೆ. ತೊಡೆ ದಪ್ಪವಾಗಬೇಕಾದರೆ ಸೆಟ್ಟಿನ ಕೊನೆಗೆ ಇನ್ನು ಎರಡೋ ಮೂರೋ ಮಾತ್ರ ಸಾಧ್ಯ ಎನ್ನುವಷ್ಟು ಬಿಗಿ ಬರಬೇಕು. ಅದು 6ಕ್ಕೇ ಬರಲಿ, 25ಕ್ಕೆ ಬರಲಿ, ಸ್ನಾಯು ಬೆಳೆಯುತ್ತದೆ. 30 ದಾಟಿದರೂ ಮಾತಾಡುತ್ತ ಮಾಡಬಲ್ಲಿರಾದರೆ ಭಾರ ಸೇರಿಸುವ ಕಾಲ ಬಂದಿದೆ. ಸೆಟ್ಟುಗಳ ನಡುವೆ ಎರಡು ಮೂರು ನಿಮಿಷ ಕೂರಿ; ಒಂದೇ ನಿಮಿಷಕ್ಕೆ ಎದ್ದರೆ ಉಸಿರು ಸೋಲುತ್ತದೆ, ತೊಡೆಗೆ ಸಿಗಬೇಕಾದ ಕೆಲಸ ಸಿಗುವುದಿಲ್ಲ.

8. ಜಿಮ್ ಇಲ್ಲದ ಊರಲ್ಲಿ ಚೀಲವೇ ಬಾರ್ಬೆಲ್

ಯೂರಿಯಾ ಚೀಲ 45 ಕಿಲೊ, ಡಿಎಪಿ ಚೀಲ 50 ಕಿಲೊ. ಬಿತ್ತನೆಯ ಕಾಲದಲ್ಲಿ ಇವನ್ನು ಬೆನ್ನ ಮೇಲೆ ಹೊತ್ತವರಿಗೆ ಬಸ್ಕಿ ಹೊಸದಲ್ಲ. ಖಾಲಿ ಚೀಲವನ್ನು ಚೆನ್ನಾಗಿ ತೊಳೆದು, 15 ಕಿಲೊ ಮರಳು ತುಂಬಿ ಬಾಯಿ ಹೊಲಿಯಿರಿ. ಹೆಗಲ ಮೇಲಿಟ್ಟು ಅಥವಾ ಎದೆಗವಚಿ ಬಸ್ಕಿ ಮಾಡಿ. ಹಗುರವೆನಿಸಿದಾಗ ಐದೈದು ಕಿಲೊ ಏರಿಸಿ. ಇನ್ನೂ ಬಿಗಿ ಬೇಕೆಂದರೆ ಒಂದು ಪಾದವನ್ನು ಹಿಂದಿನ ಕಟ್ಟೆಯ ಮೇಲಿಟ್ಟು ಇನ್ನೊಂದು ಕಾಲಿನಲ್ಲಿ ಕೂತು ಏಳಿ. ಹತ್ತಕ್ಕೆ ದೇವರು ನೆನಪಾಗುತ್ತಾನೆ.

9. ಹೊಲವನ್ನೂ ಓಟವನ್ನೂ ಲೆಕ್ಕಕ್ಕೆ ಹಿಡಿಯಿರಿ

ಹಾನಗಲ್ಲಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ನಾಟಿ ಮಾಡಿದ ಹೆಣ್ಣುಮಗಳಿಗೆ ಸಂಜೆ ‘ಲೆಗ್ ಡೇ’ ಪಾಠ ಹೇಳಬೇಡಿ. ಕೊರಳಿಗೆ ಡೊಳ್ಳು ಹಾಕಿಕೊಂಡು ಕೂತು, ಎದ್ದು, ಹಾರಿ ಕುಣಿದವನಿಗೂ ಬೇಡ. ಪೊಲೀಸ್, ಸೇನಾ ಭರ್ತಿಗೆಂದು ನಸುಕಿನಲ್ಲಿ 1600 ಮೀಟರ್ ಓಡುವ ಹುಡುಗರು ಬಿರುಸಿನ ಓಟವನ್ನೂ ಕಾಲಿನ ಭಾರವನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಬಿತ್ತನೆ, ಕೊಯ್ಲಿನ ವಾರಗಳಲ್ಲಿ ಒಂದೇ ದಿನಕ್ಕೆ ಇಳಿದರೂ ಗಳಿಸಿದ್ದು ಹೋಗುವುದಿಲ್ಲ. 2011ರ ಅಮೆರಿಕದ ಅಧ್ಯಯನವೊಂದರಲ್ಲಿ ತಾಲೀಮನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದ ಯುವಕರು 32 ವಾರ ಕಳೆದರೂ ತೊಡೆಯ ಗಾತ್ರ ಕಾಯ್ದುಕೊಂಡರು. ಅರವತ್ತು ದಾಟಿದವರಿಗೆ ಅಷ್ಟು ಸಾಲಲಿಲ್ಲ. ಹಿರಿಯರು ಸಾಧ್ಯವಾದಷ್ಟು ವಾರಕ್ಕೆರಡು ದಿನದ ಕ್ರಮ ಬಿಡಬಾರದು. ಹೋರಿ ಸ್ಪರ್ಧೆ ಅಥವಾ ಕುಸ್ತಿ ಇದ್ದರೆ ಹಿಂದಿನ ಮೂರು ದಿನ ಭಾರ ಮುಟ್ಟಬೇಡಿ.

10. ರೊಟ್ಟಿಯ ಜೊತೆ ಕಾಳು ಹೆಚ್ಚಿಸಿ

ಸ್ನಾಯು ಕಟ್ಟಲು ಮೈತೂಕದ ಕಿಲೊಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 60 ಕಿಲೊ ಹುಡುಗನಿಗೆ 96 ಗ್ರಾಂ. ಡಬ್ಬಿ ಪುಡಿ ಇಲ್ಲದೆಯೂ ಆಗುತ್ತದೆ, ನೋಡಿ: 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 20 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, 50 ಗ್ರಾಂ ಹೆಸರುಕಾಳಿನಲ್ಲಿ 11, ಎರಡು ಮೊಟ್ಟೆಯಲ್ಲಿ 12, ಒಂದು ಹಿಡಿ ಶೇಂಗಾದಲ್ಲಿ 7. ತೊಂಬತ್ತು ದಾಟಿತು. ಮೊಟ್ಟೆ ತಿನ್ನದವರು ಮೊಸರು, ಹುರುಳಿ, ಪುಟಾಣಿ ಹೆಚ್ಚಿಸಲಿ. ಸವಣೂರಿನ ಖಾರ ನಾಲಿಗೆಗೆ ಹಬ್ಬ, ತೊಡೆಗೆ ಅದರಿಂದ ಬರುವುದು ಅಷ್ಟಕ್ಕಷ್ಟೇ. ಊಟದ ಜಾಗ ಅದಕ್ಕೆ ಕೊಡಬೇಡಿ. ರಾತ್ರಿ ಏಳೆಂಟು ತಾಸು ನಿದ್ದೆ ಮಾಡಿ. ರೀಲ್ಸ್ ನೋಡುತ್ತ ಒಂದು ಗಂಟೆಗೆ ಮಲಗುವವನಿಗೆ ಎರಡು ದಿನದ ಬಿಡುವೂ ಸಾಲದು.

11. ತ್ರಿಪದಿಯಷ್ಟು ಬರೆದಿಡಿ

ಹಿರೇಕೆರೂರು ಸೀಮೆ ಸರ್ವಜ್ಞನ ನೆಲ. ಅಬಲೂರು, ಮಾಸೂರು ಎರಡೂ ಅವನನ್ನು ತಮ್ಮವನೆನ್ನುತ್ತವೆ. ಇಡೀ ಲೋಕವನ್ನು ಅವನು ಮೂರು ಸಾಲಿನಲ್ಲಿ ಹಿಡಿದ. ನಿಮ್ಮ ಕಾಲಿನ ಕೆಲಸ ಹಿಡಿಸದೇ? ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಸಾಲಿಗೆ ತಾರೀಖು, ವ್ಯಾಯಾಮ. ಎರಡನೇ ಸಾಲಿಗೆ ಎತ್ತಿದ ಭಾರ. ಮೂರನೇ ಸಾಲಿಗೆ ಎಷ್ಟು ಸಲ, ಎಷ್ಟು ಸೆಟ್. ಮುಂದಿನ ಗುರುವಾರ ಒಂದು ಬಸ್ಕಿ ಹೆಚ್ಚಾಗಬೇಕು, ಇಲ್ಲವೇ ಎರಡು ಕಿಲೊ. ಮೂರು ವಾರ ಅಂಕಿ ಅಲುಗದಿದ್ದರೆ ಮೊದಲು ಊಟ, ನಿದ್ದೆ ನೋಡಿ. ಅವು ಸರಿಯಿದ್ದರೆ ಮಾತ್ರ ವಾರಕ್ಕೆ ಎರಡು ಸೆಟ್ ಸೇರಿಸಿ. ಮೂರನೇ ದಿನದ ಯೋಚನೆ, ಒಂದು ಸ್ನಾಯುವಿನ ಸೆಟ್‌ಗಳು ಒಂದು ದಿನಕ್ಕೆ ಎಂಟು ದಾಟಿ ಭಾರವಾದಾಗಷ್ಟೇ.

12. ಕನ್ನಡಿ ಬಿಟ್ಟು ಟೇಪು ಹಿಡಿಯಿರಿ

ಸವಣೂರಿನ ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೋಡಿದವರು ಮೊದಲು ಮಾಡುವ ಕೆಲಸ ಕೈ ಚಾಚಿ ಕಾಂಡದ ಸುತ್ತಳತೆ ಅಂದಾಜು ಮಾಡುವುದು. ಆಫ್ರಿಕಾ ಮೂಲದ ಆ ಮರ ಮಳೆಗಾಲದ ನೀರನ್ನು ಕಾಂಡದಲ್ಲಿ ಕೂಡಿಟ್ಟು ಬೇಸಿಗೆ ದಾಟುತ್ತದೆ. ಅದು ದಪ್ಪವಾಗಿದ್ದನ್ನು ಅಂಗಳದವರು ಯಾರೂ ಕಣ್ಣಾರೆ ಕಂಡವರಲ್ಲ. ನಿಮ್ಮ ತೊಡೆಯದೂ ಅದೇ ಜಾತಿಯ ಬೆಳೆ. ದಿನಾ ಕನ್ನಡಿ ನೋಡಿದರೆ ಏನೂ ಕಾಣದು. ತಿಂಗಳಿಗೊಮ್ಮೆ, ಬೆಳಿಗ್ಗೆ, ಮಂಡಿಯ ಮೇಲೆ ಒಂದು ಗೇಣು ಬಿಟ್ಟು ಅದೇ ಜಾಗಕ್ಕೆ ದರ್ಜಿಯ ಟೇಪು ಸುತ್ತಿ, ಅಂಕಿಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ. ಯುಗಾದಿಗೆ ಶುರು ಮಾಡಿದವರು ದೀಪಾವಳಿಯ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಸಲ ಕಾಲಿಗೆ ಕೆಲಸ ಕೊಟ್ಟಿರುತ್ತಾರೆ. ಕೊನೆಯ ಪುಟದಲ್ಲಿ ಏಳೆಂಟು ಅಂಕಿ ಸಾಲಾಗಿ ನಿಂತಿರುತ್ತವೆ. ಅಖಾಡಕ್ಕೆ ಇಳಿಯುವ ಮುನ್ನ ಅದನ್ನೊಮ್ಮೆ ತೆರೆದು ನೋಡಿ.